ಇಪ್ಪತ್ತೆರಡು ಕುಣಿಕೆ

ಎರಡನೆಯ ಮಹಡಿಯ ತಿರುವಿನಲ್ಲಿ, ತಾನು ಎರಡೆರಡು ಮೆಟ್ಟಿಲು ಒಟ್ಟಿಗೆ ದಾಟುತ್ತಿದ್ದೇನೆ ಎಂಬುದು ಅವನ ಗಮನಕ್ಕೆ ಬಂತು. ಬಂದ ಕೂಡಲೇ ಕಿವಿ ಬಿಸಿಯಾಯಿತು. ಐವತ್ತಾರು ವರ್ಷದ ಗಂಡಸು, ಹೆಂಡತಿ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿ ನಲವತ್ತೊಂದು ದಿನದಿಂದ ಮಲಗಿರುವ ಆಸ್ಪತ್ರೆಯ ಮೆಟ್ಟಿಲನ್ನು ಮದುವೆಮನೆಗೆ ಹೊರಟವನ ಹಾಗೆ ಹತ್ತುತ್ತಿದ್ದಾನೆ. ಕಂಬಿ ಹಿಡಿದು ನಿಂತ. ಹಿಂದೆ ಫ್ಲಾಸ್ಕ್ ಹಿಡಿದು ಬರುತ್ತಿದ್ದ ಹೆಂಗಸೊಬ್ಬಳು, ಪಾಪ ಮುದುಕನಿಗೆ ಉಸಿರು ಹತ್ತಿತು ಅಂದುಕೊಂಡಳೋ ಏನೋ, ಅನುಕಂಪದಿಂದ ನೋಡಿ ಪಕ್ಕದಿಂದ ಹತ್ತಿ ಹೋದಳು. ಆ ಅನುಕಂಪವನ್ನು ಅವನು ಬೇಡವೆನ್ನದೆ ತೆಗೆದುಕೊಂಡ. ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ, ದುಃಖದಲ್ಲಿರುವವನು ಹತ್ತಬೇಕಾದ ಹಾಗೆ ಹತ್ತಿದ. ಹತ್ತುತ್ತ, ಇದೂ ನಾಟಕವೇ ಅಲ್ಲವೆ ಅನ್ನಿಸಿ ಮೊದಲಿನದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಕಾಲಿಗೆ ಅವಸರವಿದ್ದದ್ದು ವಾರ್ಡಿನೊಳಗಿನ ಮಂಚಕ್ಕಲ್ಲ, ವಾರ್ಡಿನ ಹೊರಗಿನ ಬೆಂಚಿಗೆ. ಗುರುವಾರ ಆದದ್ದು ಆದ ಮೇಲೂ, ಈ ಹೊತ್ತು ಭಾನುವಾರ, ಕಾಲು ಬುದ್ಧಿ ಕಲಿತಿಲ್ಲ.

ಕೈಯಲ್ಲಿದ್ದದ್ದು ತೂಕ-ಅಳತೆ ಇಲಾಖೆಯ ಚರ್ಮದ ಚೀಲ. ಇಪ್ಪತ್ತೊಂಬತ್ತು ವರ್ಷ ಅದರೊಳಗೆ ಮಖಮಲ್ಲಿನ ಗೂಡುಗಳಲ್ಲಿ ಹಿತ್ತಾಳೆಯ ಬಟ್ಟುಗಳು ಕೂತಿರುತ್ತಿದ್ದವು, ಎರಡು ಕಿಲೋದಿಂದ ಹಿಡಿದು ಒಂದು ಗ್ರಾಮಿನವರೆಗೆ, ಒಳ್ಳೆಯ ಮನೆತನದ ಮಕ್ಕಳ ಹಾಗೆ ಎತ್ತರದ ಪ್ರಕಾರ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಕೆಲಸ. ಬಟ್ಟುಗಳನ್ನು ಬೆರಳಿನಿಂದ ಮುಟ್ಟುತ್ತಿರಲಿಲ್ಲ, ಚಿಮಟದಿಂದಲೇ ಎತ್ತುತ್ತಿದ್ದ. ಬೆರಳಿನ ಬೆವರಿಗೂ ತೂಕವಿರುತ್ತದೆ. ಅಂಗಡಿಯವರು ಕೊಟ್ಟ ಒಂದು ಲೋಟ ಚಹಾವನ್ನೂ ಕುಡಿದವನಲ್ಲ. ಮಾರುಕಟ್ಟೆಯಲ್ಲಿ ಅವನ ಬೆನ್ನ ಹಿಂದೆ ‘ಗುಂಜಿ ಸಾಹೇಬ’ ಅನ್ನುತ್ತಿದ್ದರು, ಗುಂಜಿಯಷ್ಟು ಹೆಚ್ಚುಕಮ್ಮಿಯನ್ನೂ ಬಿಡದವನು ಅಂತ. ಅದು ಹೇಗೋ ಮನೆಗೂ ತಲುಪಿ, ಹೆಂಡತಿ ಸಾರಿಗೆ ಉಪ್ಪು ಹಾಕುವಾಗ ‘ಗುಂಜಿ ಸಾಹೇಬ್ರೇ, ಬಂದು ತೂಗ್ತೀರೋ, ಹಾಕ್ಲೋ?’ ಎಂದು ಅಡಿಗೆಮನೆಯಿಂದಲೇ ಕೂಗುತ್ತಿದ್ದಳು. ಈಗ ಅದೇ ಚೀಲದಲ್ಲಿ ಎರಡು ಹೆಣಿಗೆಯ ಕಡ್ಡಿ, ಬೂದಿ ಬಣ್ಣದ ಉಲ್ಲನ್ನಿನ ಉಂಡೆ, ಮತ್ತು ಏನೆಂದು ಹೇಳಲು ಬಾರದ ನಾಲ್ಕು ಮೊಳ ಉದ್ದದ ಒಂದು ಪಟ್ಟಿ. ಗುರುವಾರ ಮನೆಗೆ ಹೋದವನು ಇದಿಷ್ಟನ್ನೂ ಬೀರುವಿನ ಮೇಲಕ್ಕೆ, ಕೈಗೆ ಎಟುಕದ ಕಡೆ ಎಸೆದಿದ್ದ. ಶನಿವಾರ ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಇಳಿಸಿಕೊಂಡ.

ವಾರ್ಡಿನ ಬಾಗಿಲ ಹೊರಗೆ, ಗೋಡೆಗೆ ಒತ್ತಿ ಹಾಕಿದ್ದ ಬೆಂಚಿನ ಮೇಲೆ ಪೋಸ್ಟಮ್ಮ ಆಗಲೇ ಕೂತಿದ್ದಳು. ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ನಿವೃತ್ತಳಾದವಳು; ಈ ಹೆಸರಿಟ್ಟದ್ದು ಆಯಾಗಳು. ಮೂಲೆಯ ಮಂಚದಲ್ಲಿ ಅವಳ ಗಂಡ ಎಂಟು ತಿಂಗಳಿಂದ ಮಲಗಿದ್ದಾನೆ. ಹೆಂಡತಿಯನ್ನು ಸೇರಿಸಿದ ಮೊದಲ ವಾರವೆಲ್ಲ ಇವನು ಈ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ತನಗೇ ಗೊತ್ತಿಲ್ಲದೆ ಮೊಣಕಾಲನ್ನು ಬೆರಳಿನಿಂದ ಬಡಿಯುತ್ತಲೇ ಇದ್ದನಂತೆ. ಎಂಟನೆಯ ದಿನ ಅವಳು ‘ಏನ್ರೀ, ತಂತಿ ಕಳಿಸ್ತಿದೀರೇನ್ರೀ ಯಾರಿಗಾದ್ರೂ? ಆ ಕೈಗೊಂದು ಕೆಲಸ ಕೊಡಿ, ನನ್ನ ತಲೆ ಸಿಡೀತಿದೆ’ ಎಂದು ಎರಡು ಕಡ್ಡಿಗಳನ್ನು ಅವನ ಮಡಿಲಿಗೆ ಹಾಕಿದ್ದಳು. ಗಂಡಸು ಹೆಣೆಯುವುದೇ ಎಂದು ಸುತ್ತ ನೋಡಿಕೊಂಡ. ‘ಹೆಣೆದ್ರೆ ಮೀಸೆ ಉದುರಲ್ಲ’ ಎಂದಳು. ಹೆಂಡತಿಯ ಬಲಗೈ ಯಾವಾಗಲೂ ತಣ್ಣಗಿರುತ್ತಿತ್ತು, ಅದಕ್ಕೊಂದು ಬೆಚ್ಚನೆಯ ಕವಚ ಮಾಡುವುದು ಎಂದು ಅವನು ತನಗೆ ತಾನೇ ಕಾರಣ ಕೊಟ್ಟುಕೊಂಡ. ಕವಚಕ್ಕೆ ಒಂದು ಗೇಣು ಸಾಕಾಗಿತ್ತು. ಆದರೆ ಹೆಣಿಗೆಯನ್ನು ಕಡ್ಡಿಯಿಂದ ಬಿಡಿಸಿ ಮುಗಿಸುವುದು ಹೇಗೆಂದು ಅವಳು ಹೇಳಿಕೊಡಲಿಲ್ಲ, ಇವನೂ ಕೇಳಲಿಲ್ಲ. ಗೇಣು ಮೊಳವಾಯಿತು, ಮೊಳ ಎರಡಾಯಿತು. ಉಲ್ಲನ್ನನ್ನು ವಾರ್ಡಿನೊಳಗೆ ತರುವಂತಿಲ್ಲ, ನೂಲಿನ ಧೂಳು ರೋಗಿಗಳಿಗೆ ಆಗುವುದಿಲ್ಲ ಎಂದು ಸಿಸ್ಟರ್ ಹೇಳಿದ್ದಳು. ಆ ನಿಯಮ ಕೇಳಿ ಅವನಿಗೆ ಒಳಗೊಳಗೆ ಹಾಯೆನ್ನಿಸಿತ್ತು. ಹೊರಗೆ ಕೂರುವುದಕ್ಕೆ ಸರ್ಕಾರಿ ಕಾರಣ ಸಿಕ್ಕಿತ್ತಲ್ಲ. ಒಳಗೆ ಒಂದು ಕಡೆಗೆ ಜಾರಿದ ತುಟಿ, ಅದರಿಂದ ಸೋರುವ ಗಂಜಿ, ಏನನ್ನೋ ಹುಡುಕುತ್ತ ಬಂದು ಇವನ ಮೇಲೆ ನಿಲ್ಲದೆ ಹೋಗುವ ಕಣ್ಣು. ಹೊರಗೆ ಅರವತ್ತನಾಲ್ಕು ಕುಣಿಕೆ, ಪೋಸ್ಟಮ್ಮನ ಹರಟೆ, ವಿಳಾಸವಿಲ್ಲದ ಪಾರ್ಸೆಲ್ಲಿನೊಳಗೆ ಆಮೆ ಸಿಕ್ಕಿದ ಕಥೆ. ಆ ಕಥೆಗೆ ಅವನು ಗಟ್ಟಿಯಾಗಿ ನಕ್ಕಿದ್ದ. ಹೆಂಡತಿ ಬಿದ್ದ ಮೇಲೆ ಅದೇ ಮೊದಲ ನಗು, ಅದೂ ಅವಳ ಮಂಚದಿಂದ ಮೂರು ಹೆಜ್ಜೆ ಆಚೆ.

ಮೂರೇ ಹೆಜ್ಜೆ. ಅವಳ ಮಂಚ ಬಾಗಿಲಿನ ಪಕ್ಕದ್ದೇ. ಗುರುವಾರ ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಸಿಸ್ಟರ್ ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆರೆದು, ‘ರೀ, ಬೇಗ ಬನ್ನಿ! ನಿಮ್ಮನೆಯವ್ರು ಮಾತಾಡಿದ್ರು! ನಿಮ್ಮನ್ನೇ ಕೇಳ್ತಿದಾರೆ!’ ಎಂದಳು. ಆಗ ಅವನ ಬಾಯಿ, ಅವನನ್ನು ಕೇಳದೆಯೇ, ‘ಬಂದೆ ಸಿಸ್ಟರ್, ಈ ಸಾಲೊಂದು ಮುಗಿಸಿ ಬಂದೆ’ ಎಂದಿತು. ಸಾಲಿನ ಮಧ್ಯೆ ಏಳಬಾರದು, ಎದ್ದರೆ ಕುಣಿಕೆಗಳು ಕಡ್ಡಿಯಿಂದ ಜಾರಿ ಲೆಕ್ಕ ತಪ್ಪುತ್ತದೆ ಎಂದು ಪೋಸ್ಟಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸುವುದು ಅವನ ಜಾಯಮಾನ. ನಲವತ್ತೆರಡು ಆಗಿತ್ತು, ಇಪ್ಪತ್ತೆರಡು ಉಳಿದಿತ್ತು. ಪಕ್ಕದಲ್ಲಿ ಪೋಸ್ಟಮ್ಮ ‘ಹೋಗ್ರೀ’ ಎಂದದ್ದು ಕೇಳಿಸಿತು. ಕೇಳಿಸಿಯೂ ಕೈ ನಿಲ್ಲಲಿಲ್ಲ, ಜೋರಾಯಿತು. ಆಮೇಲೆ ಮನೆಯಲ್ಲಿ ಗಡಿಯಾರ ಮುಂದಿಟ್ಟುಕೊಂಡು, ತಕ್ಕಡಿ ಪರೀಕ್ಷಿಸುವ ಹಾಗೆ ಮೂರು ಸಲ, ಗಾಳಿಯಲ್ಲೇ ಇಪ್ಪತ್ತೆರಡು ಕುಣಿಕೆ ಹೆಣೆದು ನೋಡಿದ್ದ. ಸರಾಸರಿ ಒಂದು ನಿಮಿಷ ಹತ್ತು ಸೆಕೆಂಡು. ಅವನು ಒಳಗೆ ಹೋಗುವಷ್ಟರಲ್ಲಿ ಅವಳ ಕಣ್ಣೂ ಬಾಯಿಯೂ ಮುಚ್ಚಿದ್ದವು. ‘“ಅವ್ರೆಲ್ಲಿ” ಅಂದ್ರು. ಎರಡು ಸಲ. ಸ್ಪಷ್ಟವಾಗೇ ಅಂದ್ರು. ಈಗ ನಿದ್ದೆ ಹತ್ತಿರ್ಬೇಕು’ ಎಂದು ಸಿಸ್ಟರ್ ಹೇಳಿ ಔಷಧದ ತಟ್ಟೆ ಎತ್ತಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಅದನ್ನು ಹಿಡಿದುಕೊಂಡು ಹೇಗೋ ನಿಂತುಕೊಳ್ಳುತ್ತಿದ್ದ.

ಅಂದಿನಿಂದ ಅವಳು ಒಂದು ಮಾತೂ ಆಡಿಲ್ಲ. ಬರುತ್ತೆ, ಬರದೆಯೂ ಇರಬಹುದು, ಮಾತಾಡಿಸ್ತಾ ಇರಿ ಎಂದಿದ್ದರು ಡಾಕ್ಟರು. ಮಾತಾಡಿಸುವುದು ಏನನ್ನು? ನೀನು ಕರೆದಾಗ ನಾನು ಎಣಿಸುತ್ತಿದ್ದೆ ಅಂತಲೇ? ಹಿಂದೆ ಒಂದು ಸಲ ಮಾರುಕಟ್ಟೆಯ ತುದಿಯಲ್ಲಿ ಸೊಪ್ಪು ಮಾರುವ ಮುದುಕಿಯ ತಕ್ಕಡಿ ಇಪ್ಪತ್ತು ಗ್ರಾಂ ಹೆಚ್ಚುಕಮ್ಮಿ ಇತ್ತೆಂದು ಕಿತ್ತುಕೊಂಡು ಬಂದಿದ್ದ. ‘ಇಪ್ಪತ್ತು ಗ್ರಾಮಿಗೆ ನನ್ನ ಹೊಟ್ಟೆ ಮೇಲೆ ಹೊಡೀತೀರಾ ಸಾಹೇಬ್ರೇ?’ ಎಂದಿದ್ದಳು ಮುದುಕಿ. ‘ಇಪ್ಪತ್ತು ಗ್ರಾಮೂ ಸುಳ್ಳೇ ಅಮ್ಮಾ’ ಎಂದು ಇವನು ಇಡೀ ಬೀದಿಗೆ ಕೇಳುವಂತೆ ಹೇಳಿದ್ದ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವನದ್ದು ಹೋದದ್ದು ಇಪ್ಪತ್ತೆರಡು ಕುಣಿಕೆಗೆ. ಹೋದದ್ದು ಅಷ್ಟಕ್ಕೇ ನಿಂತಿದ್ದರೂ ಆಗಿತ್ತು. ಗುರುವಾರ ಸಂಜೆ ನಾದಿನಿ, ಹೆಂಡತಿಯ ತಂಗಿ, ದಿನದಂತೆ ಫೋನ್ ಮಾಡಿದಾಗ, ಮಾತಾಡಿದಳಂತೆ ಅಂದರೆ ಸಾಕಿತ್ತು. ಅವನು ‘ಮಾತಾಡಿದಳಮ್ಮಾ! ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಕೈ ಹಿಡ್ಕೊಂಡು, ಊಟ ಆಯ್ತಾ ಅಂತ ಕೇಳಿದಳು’ ಎಂದುಬಿಟ್ಟ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅದರಲ್ಲಿ ಕೈಯೂ ಇತ್ತು, ಊಟವೂ ಇತ್ತು. ಆ ಕಡೆ ನಾದಿನಿ ಬಿಕ್ಕಿ ಬಿಕ್ಕಿ ಅತ್ತಳು. ‘ಸಾಯೋ ಸ್ಥಿತೀಲೂ ನಿಮ್ಮ ಊಟದ್ದೇ ಚಿಂತೆ ನೋಡಿ ಭಾವ ಅವಳಿಗೆ’ ಎಂದಳು. ‘ಹೂಂ’ ಎಂದ. ಅವಳು ಅದನ್ನು ಬಂಧುಬಳಗಕ್ಕೆಲ್ಲ ಹಂಚಿದ್ದಾಳೆಂದು ಶುಕ್ರವಾರವಿಡೀ ಬಂದ ಫೋನುಗಳಿಂದ ತಿಳಿಯಿತು. ಪ್ರತಿಯೊಬ್ಬರಿಗೂ ಅವನು ಹೂಂಗುಟ್ಟಿದ. ಇವತ್ತು ಹನ್ನೊಂದರ ಬಸ್ಸಿಗೆ ಅವಳೇ ಬರುತ್ತಿದ್ದಾಳೆ.

‘ಏನು, ಮುಖ ಇನ್ನೂ ಸುಟ್ಟ ಬದನೆಕಾಯೇ?’ ಎಂದಳು ಪೋಸ್ಟಮ್ಮ, ಅವನು ಬೆಂಚಿನ ತನ್ನ ತುದಿಯಲ್ಲಿ ಕೂತ ಮೇಲೆ. ಅವನು ಚೀಲ ಬಿಚ್ಚಿ ಪಟ್ಟಿಯನ್ನು ಹೊರಗೆಳೆದ. ಎಳೆದ ಕೂಡಲೇ ಮನಸ್ಸಿನ ಬಿಗಿ ಸಡಿಲಾಯಿತು, ನೋವಿದ್ದ ಹಲ್ಲಿಗೆ ಲವಂಗ ಇಟ್ಟ ಹಾಗೆ. ಅದೇ ಅವನಿಗೆ ತಡೆಯಲಾಗದ್ದು. ಪೋಸ್ಟಮ್ಮ ಕತ್ತು ಚಾಚಿ ನೋಡಿ, ‘ಅಯ್ಯೋ, ಅಲ್ಲೊಂದು ಕುಣಿಕೆ ಬಿಟ್ಟುಹೋಗಿದೆಯಲ್ರೀ. ತೂತು ನೋಡಿ, ಕಿರುಬೆರಳು ತೂರುತ್ತೆ. ಕೊಡಿ, ಕೊಕ್ಕೆಯಿಂದ ಎತ್ತಿ ಕಟ್ಟಿಕೊಡ್ತೀನಿ, ಗೊತ್ತೂ ಆಗಲ್ಲ’ ಎಂದು ಕೈ ನೀಡಿದಳು. ಅದು ಗುರುವಾರದ ಸಾಲು. ಲೆಕ್ಕ ತಪ್ಪಬಾರದೆಂದು ಹೆಂಡತಿಯನ್ನು ಕಾಯಿಸಿ ಮುಗಿಸಿದ ಸಾಲಿನಲ್ಲೇ ಅವಸರಕ್ಕೆ ಒಂದು ಕುಣಿಕೆ ಜಾರಿ, ಅರವತ್ತನಾಲ್ಕು ಅರವತ್ತಮೂರಾಗಿತ್ತು. ಅವನು ಪಟ್ಟಿಯನ್ನು ಕಸಿದುಕೊಂಡ. ‘ಬೇಡ’ ಎಂದ. ಆಮೇಲೆ, ತಾನೇ ನಿರೀಕ್ಷಿಸಿರದ ಗಟ್ಟಿ ದನಿಯಲ್ಲಿ, ‘ಎಲ್ಲ ನಿಮ್ಮಿಂದ್ಲೇ ಆಗಿದ್ದು. ಸಾಲಿನ ಮಧ್ಯೆ ಏಳಬಾರ್ದು ಅಂತ ಹೇಳ್ಕೊಟ್ಟವರು ನೀವೇ ತಾನೆ?’ ಎಂದ.

ಪೋಸ್ಟಮ್ಮನ ಕಡ್ಡಿಗಳು ನಿಂತವು. ಎದುರು ಗೋಡೆಯ ಕೆಳಗೆ ಕೂತಿದ್ದ ಇಬ್ಬರು ತಲೆಯೆತ್ತಿ ನೋಡಿದರು. ‘ಹೌದು, ನಾನೇ ಹೇಳ್ಕೊಟ್ಟೆ’ ಎಂದಳು ಅವಳು, ಕೌಂಟರಿನ ಹಿಂದೆ ಸಾವಿರ ಜನರ ಕೂಗಾಟ ಕೇಳಿದವಳ ದನಿಯಲ್ಲಿ. ‘ಮನೆ ಹೊತ್ತಿ ಉರಿಯೋವಾಗ್ಲೂ ಏಳಬೇಡಿ ಅಂತ ಹೇಳಿರ್ಲಿಲ್ಲ. ಹೋಗ್ರೀ ಅಂತಾನೂ ನಾನೇ ಹೇಳಿದ್ದು. ಅದನ್ನ ಮರೆತ್ರಿ.’ ಸ್ವಲ್ಪ ಹೊತ್ತು ಉಲ್ಲನ್ನಿನ ಸಿಕ್ಕು ಬಿಡಿಸಿದಳು. ‘ನನ್ನದೂ ಕೇಳಿ. ಒಳಗೆ ಹೋಗಿ ಕೂತ್ರೆ ನಮ್ಮನೆಯವ್ರಿಗೆ ನಾನ್ಯಾರು ಅಂತ ಗೊತ್ತಾಗಲ್ಲ. ಹತ್ತು ನಿಮಿಷ ಮುಖ ನೋಡಿ, ಯಾರಮ್ಮಾ ನೀವು, ಹೊರಗೆ ಕೂತಿರಿ, ಕರೀತೀವಿ ಅಂತಾರೆ. ಬಂದು ಕೂತಿದೀನಿ. ಎಂಟು ತಿಂಗಳಾಯ್ತು, ಇನ್ನೂ ಕರೆದಿಲ್ಲ.’ ಅವಳು ಇದನ್ನು ಆಮೆಯ ಕಥೆ ಹೇಳಿದ ಧಾಟಿಯಲ್ಲೇ ಹೇಳಿದಳು, ಕೊನೆಗೆ ನಗಲು ಜಾಗ ಬಿಟ್ಟು. ಅವನು ನಗಲಿಲ್ಲ. ‘ನಿಜ ಹೇಳ್ಲಾ? ಈ ಬೆಂಚು ಇಲ್ದಿದ್ರೆ ನಾನು ಬರೋದನ್ನೇ ನಿಲ್ಲಿಸ್ತಿದ್ದೆ. ಬೆಂಚಿಗೋಸ್ಕರ ಬರ್ತೀನಿ, ಬಂದ ತಪ್ಪಿಗೆ ಒಳಗೂ ಹೋಗಿ ಬರ್ತೀನಿ. ಮೊದಮೊದಲು ನಾಚಿಕೆ ಆಗ್ತಿತ್ತು. ಈಗ ನಾಚಿಕೆ ಪಡೋಕೂ ಬೇಜಾರು.’ ಕ್ಷಮಿಸಿ ಎನ್ನಬೇಕೆಂದುಕೊಂಡ. ಆ ಮಾತು ಗಂಟಲಿನವರೆಗೆ ಬಂದು, ಅಲ್ಲಿ ಆಗಲೇ ನಿಂತಿದ್ದ ಬೇರೆ ಮಾತುಗಳ ಹಿಂದೆ ಸರತಿಯಲ್ಲಿ ನಿಂತುಕೊಂಡಿತು.

‘ಭಾವ!’ ಮೆಟ್ಟಿಲ ತುದಿಯಲ್ಲಿ ನಾದಿನಿ ಕಾಣಿಸಿಕೊಂಡಳು, ಒಂದು ಕೈಯಲ್ಲಿ ಕಿತ್ತಳೆಯ ಚೀಲ, ಇನ್ನೊಂದರಲ್ಲಿ ಕರವಸ್ತ್ರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಪಟ್ಟಿಯನ್ನೂ ಕಡ್ಡಿಯನ್ನೂ ಚೀಲಕ್ಕೆ ತುರುಕಿ, ಕಾಲಿನಿಂದ ಬೆಂಚಿನಡಿಗೆ ತಳ್ಳಿದ. ಪೋಸ್ಟಮ್ಮ ನೋಡಿದಳು. ನಾದಿನಿ ಬಂದು, ಅವನ ಎರಡೂ ಕೈ ಹಿಡಿದುಕೊಂಡು, ‘ಎಷ್ಟು ಸೊರಗಿದೀರ ಭಾವ, ಹಗಲೂ ರಾತ್ರಿ ಅವಳ ಪಕ್ಕದಲ್ಲೇ ಕೂತು’ ಎಂದು ಕಣ್ಣೊರೆಸಿಕೊಂಡಳು. ಪೋಸ್ಟಮ್ಮನ ಕಡೆ ನೋಡಿ, ಇವರು ಯಾರು ಎಂದು ಹುಬ್ಬಿನಲ್ಲೇ ಕೇಳಿದಳು. ‘ಯಾರೋ, ಆ ಮೂಲೆ ಮಂಚದವರ ಕಡೆಯವರು’ ಎಂದ. ಪೋಸ್ಟಮ್ಮ ತಲೆ ಎತ್ತಲಿಲ್ಲ, ಅವಳ ಕಡ್ಡಿಗಳ ಸದ್ದು ಮಾತ್ರ ಒಂದೇ ಹದದಲ್ಲಿ ಕೇಳುತ್ತಿತ್ತು. ಮೂವತ್ತಮೂರು ದಿನ ದಿನಕ್ಕೆ ಐದು ಗಂಟೆ ಪಕ್ಕದಲ್ಲಿ ಕೂತವಳು, ಅವನ ಬುತ್ತಿ ತಣ್ಣಗಾದರೆ ಆಯಾಳಿಗೆ ಹೇಳಿ ಬಿಸಿ ಮಾಡಿಸಿ ಕೊಟ್ಟವಳು ‘ಯಾರೋ’ ಆದಳು.

ಭಾನುವಾರ ಇಬ್ಬರನ್ನು ಒಳಗೆ ಬಿಡುತ್ತಾರೆ. ನಾದಿನಿ ಅಕ್ಕನ ಎಡಗಡೆ ಸ್ಟೂಲಿನ ಮೇಲೆ ಕೂತು ಅವಳ ಹಣೆಗೂದಲು ಸರಿಮಾಡಿದಳು. ಅವನು ಮಂಚದ ಕಾಲ ಬಳಿ ನಿಂತ, ಅಲ್ಲಿ ನಿಲ್ಲುವುದಕ್ಕೂ ಅನುಮತಿ ಬೇಕೇನೋ ಎಂಬ ಹಾಗೆ. ಹೆಂಡತಿಯ ಕಣ್ಣು ಅರೆ ತೆರೆದಿತ್ತು. ನಾದಿನಿ ಅವಳ ಕಿವಿಯ ಬಳಿ ಬಾಗಿ, ಚಿಕ್ಕ ಮಕ್ಕಳಿಗೆ ಹೇಳುವ ದನಿಯಲ್ಲಿ, ‘ಅಕ್ಕಾ, ಭಾವನ ಕೈ ಹಿಡ್ಕೊಂಡು ಊಟ ಆಯ್ತಾ ಅಂತ ಕೇಳಿದ್ಯಂತೆ ಕಣೇ. ನನ್ನನ್ನೂ ಏನಾದ್ರೂ ಕೇಳೇ’ ಎಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಆ ಸುಳ್ಳನ್ನು ಊರಿನವರೆಲ್ಲ ಕೇಳಿಸಿಕೊಂಡಿದ್ದರು, ಕೇಳಿಸಿಕೊಳ್ಳಬಾರದವಳು ಇವಳೊಬ್ಬಳೇ. ಹೆಂಡತಿಯ ಕಣ್ಣು ಪೂರ್ತಿ ತೆರೆಯಿತು. ಮೆಲ್ಲಗೆ ಚಾವಣಿಯಿಂದ ಇಳಿದು, ಕಿಟಕಿ ದಾಟಿ, ಇವನ ಮೇಲೆ ಬಂದು, ಈ ಸಲ ನಿಂತಿತು.

ಸಿಸ್ಟರ್ ಪಕ್ಕದ ಮಂಚದ ಹಾಸಿಗೆ ಬದಲಿಸುತ್ತಿದ್ದಳು. ‘ಸಿಸ್ಟರ್, ಆವತ್ತು ನೀವೇ ಇದ್ರಾ?’ ಎಂದು ನಾದಿನಿ ತಿರುಗಿ ಕೇಳಿದಳು. ‘ಅಕ್ಕ ಮಾತಾಡಿದಾಗ? ಭಾವ ಕೈ ಹಿಡ್ಕೊಂಡು ಪಕ್ಕದಲ್ಲೇ ಇದ್ರಂತಲ್ಲ?’ ಸಿಸ್ಟರ್ ಇವನ ಮುಖ ನೋಡಿದಳು. ಹೆಚ್ಚು ಹೊತ್ತು ನೋಡಲಿಲ್ಲ. ದಿಂಬಿಗೆ ಕವರು ಹಾಕುತ್ತ, ‘ಹೂಂ, ಇದ್ರು, ಪಕ್ಕದಲ್ಲೇ ಇದ್ರು’ ಎಂದಳು. ಇಪ್ಪತ್ತೊಂಬತ್ತು ವರ್ಷ ಎಷ್ಟು ಅಂಗಡಿಯವರು ಎಷ್ಟು ನಯವಾಗಿ ಇದೇ ಥರದ್ದೊಂದನ್ನು ಅವನ ಕೈಗೆ ಜಾರಿಸಲು ನೋಡಿರಲಿಲ್ಲ! ಒಬ್ಬರದ್ದೂ ಮುಟ್ಟಿರಲಿಲ್ಲ. ಈಗ ಇಪ್ಪತ್ತೈದರ ಹೆಣ್ಣುಮಗಳೊಬ್ಬಳು, ಅವನನ್ನು ಕಂಡು ಅಯ್ಯೋ ಅನ್ನಿಸಿ, ಕಳ್ಳ ತೂಕ ಹಾಕಿ ಕೊಟ್ಟಿದ್ದಳು, ಅವನು ಕೈಯೊಡ್ಡಿ ತೆಗೆದುಕೊಂಡಿದ್ದ.

‘ಇರ್ಲಿಲ್ಲ’ ಎಂದ. ತನ್ನ ದನಿ ಇಷ್ಟು ಚಿಕ್ಕದೆಂದು ಅವನಿಗೆ ಗೊತ್ತಿರಲಿಲ್ಲ. ನಾದಿನಿ ‘ಏನಂದ್ರಿ?’ ಎಂದಳು. ‘ನಾನು ಪಕ್ಕದಲ್ಲಿ ಇರ್ಲಿಲ್ಲ. ಕೈಯೂ ಹಿಡೀಲಿಲ್ಲ, ಊಟದ ಮಾತೂ ಸುಳ್ಳು. ಅವಳು ಕೇಳಿದ್ದು, ಅವ್ರೆಲ್ಲಿ ಅಂತ.’ ನಾದಿನಿಯ ಕರವಸ್ತ್ರ ಅರ್ಧ ದಾರಿಯಲ್ಲಿ ನಿಂತಿತು. ‘ಮತ್ತೆ... ಎಲ್ಲಿದ್ರಿ ಭಾವ?’ ಅಕ್ಕ ತಂಗಿ ಇಬ್ಬರೂ ಕೇಳಿದ ಒಂದೇ ಪ್ರಶ್ನೆ. ಅವನು ಹೊರಗೆ ಬಂದ. ಬೆಂಚಿನಡಿ ಬಗ್ಗುವ ಮೊದಲೇ ಕಂಡಿತು, ಚೀಲ ಪೋಸ್ಟಮ್ಮನ ಮಡಿಲ ಮೇಲಿತ್ತು. ಬಾಗಿಲು ತೆರೆದೇ ಇತ್ತು, ಅವಳು ಎಲ್ಲ ಕೇಳಿಸಿಕೊಂಡಿದ್ದಿರಬೇಕು. ಚೀಲ ಎತ್ತಿ ಕೊಟ್ಟಳು. ‘ನೀವೂ ಬನ್ನಿ’ ಎಂದ ಅವನು, ಕ್ಷಮಿಸಿ ಎನ್ನುವ ಬದಲು. ‘ನನ್ನದು ಸಾಲಿನ ಮಧ್ಯದಲ್ಲಿದೆ’ ಎಂದಳು ಅವಳು, ತಲೆ ಎತ್ತದೆಯೇ. ‘ನೀವು ಹೋಗ್ರೀ.’

ಬೂದಿ ಬಣ್ಣದ ಪಟ್ಟಿ ಚೀಲದಿಂದ ಬರುತ್ತಲೇ ಇತ್ತು, ಮೊಳದ ಮೇಲೆ ಮೊಳ, ಮಂಚದ ಹೊದಿಕೆಯ ಮೇಲೆ, ಹೆಂಡತಿಯ ಎದೆಯ ಮೇಲೆ. ಕೊನೆಯಲ್ಲಿ ಎರಡು ಕಡ್ಡಿ. ಸಿಸ್ಟರ್ ಉಲ್ಲನ್ ನೋಡಿ ಬಾಯಿ ತೆರೆದು, ಮುಚ್ಚಿ, ಅತ್ತ ತಿರುಗಿ ಹಾಸಿಗೆ ಒದರಿದಳು. ‘ಇದೇನು ಭಾವ?’ ನಾದಿನಿಗೆ ಅದು ಕುತ್ತಿಗೆಗೋ ಸೊಂಟಕ್ಕೋ ತಿಳಿಯಲಿಲ್ಲ. ‘ಹೆಣೀತಿದ್ದೆ. ಅವಳ ಕೈಗೆ ಅಂತ ಶುರು ಮಾಡಿದ್ದು. ಆಮೇಲೆ ಸುಮ್ನೆ. ಇಲ್ಲಿ ಕೂರೋಕಾಗ್ತಿರ್ಲಿಲ್ಲ ನನಗೆ. ಅಲ್ಲಿ ಕೂತು ಇದನ್ನ ಮಾಡ್ತಿದ್ರೆ ಹಿತವಾಗಿರ್ತಿತ್ತು. ಆವತ್ತು ಕರೆದ್ರು. ಕರೆದ್ರೂ ನಾನು ಬರ್ಲಿಲ್ಲ.’ ಇಷ್ಟನ್ನೂ ಅವನು ನಾದಿನಿಗೆ ಹೇಳಲಿಲ್ಲ, ಪಟ್ಟಿಗೆ ಹೇಳಿದ. ನಾದಿನಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಅವಳ ಬೆನ್ನಿನಿಂದ ಏನೂ ಗೊತ್ತಾಗುವಂತಿರಲಿಲ್ಲ. ಅವನು ಎಡಗಡೆಗೆ ಬಂದು ನಿಂತ.

ಹೆಂಡತಿ ತಲೆಯನ್ನು ಅವನ ಕಡೆಗೆ ಹೊರಳಿಸಿದಳು. ಅವಳ ಎಡಗೈ, ಅವಳ ಮಾತು ಕೇಳುವ ಒಂದೇ ಕೈ, ಪಟ್ಟಿಯ ಮೇಲೆ ಬಿತ್ತು. ಬೆರಳುಗಳು ಅಂಚನ್ನು ಹಿಡಿದು ಮೆಲ್ಲಗೆ ಮುಂದಕ್ಕೆ ಸರಿದವು, ಬಟ್ಟೆಯಂಗಡಿಯಲ್ಲಿ ಸೀರೆಯ ಅಂಚು ನೋಡುತ್ತಿದ್ದ ಹಾಗೆಯೇ, ಹೆಬ್ಬೆರಳೂ ತೋರುಬೆರಳೂ ಉಜ್ಜುತ್ತ. ಮೊದಮೊದಲಿನ ಸೊಟ್ಟ ಸಾಲುಗಳು, ಕೈ ಕುದುರಿದ ಮೇಲಿನ ಸಮ ಸಾಲುಗಳು, ಆಮೆಯ ಕಥೆಯ ದಿನದ್ದು, ಎಲ್ಲ ಒಂದೊಂದಾಗಿ ಅವಳ ಬೆರಳಿನಡಿ ಹಾದುಹೋದವು. ಬೆರಳು ಗುರುವಾರಕ್ಕೆ ಬಂದು ನಿಂತಿತು. ಸುತ್ತ ತಡವಿತು. ಆಮೇಲೆ ಕಿರುಬೆರಳು ಆ ತೂತಿನೊಳಗೆ ತೂರಿತು.

‘ಮುಗೀ... ತಾ’ ಎಂದಳು. ತುಟಿ ಜಾರಿದ ಕಡೆಯಿಂದ ಗಾಳಿ ಹೋಯಿತು. ‘ಸಾಲು?’

ನಾದಿನಿ ಕಿಟಕಿಯಿಂದ ಗಕ್ಕನೆ ತಿರುಗಿದಳು. ಅವನಿಗೆ ಮಂಚ, ಬಾಗಿಲು, ಮೂರು ಹೆಜ್ಜೆ, ಅಂದು ಬಾಗಿಲು ಗೋಡೆಗೆ ಬಡಿದ ಸದ್ದು, ತನ್ನ ದನಿ, ಎಲ್ಲ ಒಟ್ಟಿಗೆ ಕಂಡವು. ಅವಳು ಕೇಳಿಸಿಕೊಂಡಿದ್ದಳು. ಅವ್ರೆಲ್ಲಿ ಎಂದು ಕೇಳಿದವಳಿಗೆ ಬಾಗಿಲಾಚೆಯಿಂದ ಉತ್ತರ ಬಂದಿತ್ತು. ಉತ್ತರ ಕೇಳಿಯೇ ಅವಳು ಕಣ್ಣು ಮುಚ್ಚಿದ್ದಳು. ಮೂರು ದಿನ ಈ ಎರಡು ಮಾತನ್ನು ಜೋಡಿಸುತ್ತ ಮಲಗಿದ್ದಳೇ? ಇದು ಗುಂಜಿ ಸಾಹೇಬರಿಗೆ ಅಡಿಗೆಮನೆಯಿಂದ ಬರುತ್ತಿದ್ದ ಕುಚೋದ್ಯವೋ, ಅಥವಾ ಅವನಿಗೆ ಸಲ್ಲಬೇಕಾದ ಏಟೋ? ಅವಳ ಮುಖ ನೋಡಿದ. ಆ ಮುಖದಲ್ಲಿ ಈಗ ನಗಬಲ್ಲದ್ದು ಎಡಗೆನ್ನೆಯೊಂದೇ. ಅದು ದಿಂಬಿನಲ್ಲಿ ಹೂತಿತ್ತು.

‘ಇಲ್ಲ ಕಣೇ’ ಎಂದ. ‘ಒಂದು ಬಿಟ್ಟುಹೋಯ್ತು.’

ಅವಳು ಕಿರುಬೆರಳನ್ನು ತೂತಿನಿಂದ ಹೊರಗೆ ತೆಗೆಯಲಿಲ್ಲ. ಅವನು ಸ್ಟೂಲನ್ನು ಎಳೆದುಕೊಂಡು, ಪಟ್ಟಿಯ ಇನ್ನೊಂದು ತುದಿ ಹಿಡಿದು, ಅವಳು ತೆಗೆಯುವವರೆಗೆ ಕಾಯುತ್ತ ಕೂತ.